ಬಿಟ್ಟಿ ಬಾಡು, ಕೊಂಡ ಕೈಮ

ಚರಿತ್ರೆ ಪುಸ್ತಕದಲ್ಲಿ ರಾಜರ ಕತ್ತಿ ಇದೆ, ಕುದುರೆ ಇದೆ, ಗುಡಿಗೋಪುರ ಇದೆ. ಒರಳುಕಲ್ಲು ಇಲ್ಲ. ಅದರಲ್ಲೂ ಕೇರಿಯ ಒರಳುಕಲ್ಲು ಇಲ್ಲವೇ ಇಲ್ಲ. ಬಿ.ಎ.ನಲ್ಲಿ ಮೂರು ವರ್ಷ ಚರಿತ್ರೆ ಓದಿದೆ. ನಮ್ಮವ್ವ ಸಂತೆ ದಿನ ರಾತ್ರಿ ಮಾಡುತ್ತಿದ್ದ ದನದ ಕೈಮದ ಸಾರು ಯಾವ ಪುಟದಲ್ಲೂ ಸಿಗಲಿಲ್ಲ. ಹಾಗಾಗಿ ನಾನೇ ಬರೆಯಬೇಕಾಯಿತು.

ಕೈಮ ಅಂದರೆ ಕೊಚ್ಚಿ ಅರೆದ ಬಾಡು. ಕೈಯಲ್ಲಿ ಮಾಡೋದಕ್ಕೆ ಕೈಮ ಅಂತಾರೆ ಅಂತ ನಮ್ಮಜ್ಜಿ ನಂಬಿದ್ದಳು. ಆದರೆ ಅದು ದೂರದಿಂದ ಬಂದ ಮಾತು. ತುರ್ಕಿ ಭಾಷೆಯಲ್ಲಿ ಕೊಚ್ಚಿದ ಮಾಂಸಕ್ಕೆ 'ಕಿಯ್ಮ' ಅಂತಾರೆ. ಅದೇ ಪಾರ್ಸಿ, ಉರ್ದುವಿನಲ್ಲಿ 'ಕೀಮಾ' ಆಗಿ, ನಮ್ಮ ಬಾಯಲ್ಲಿ 'ಕೈಮ' ಆಯಿತು. ಮುತ್ತುಗದ ಎಲೆಯಲ್ಲಿ ಬಾಡು ಕಟ್ಟಿ ಕೊಡುತ್ತಿದ್ದ ಸಾಬರ ಜೊತೆ ಈ ಮಾತೂ ನಮ್ಮ ಕೇರಿಗೆ ಬಂದಿರಬೇಕು.

ಅವ್ವ ಮಾಡುತ್ತಿದ್ದುದು ಹೀಗೆ. ಬಾಡನ್ನು ಮಚ್ಚಿನಲ್ಲಿ ಸಣ್ಣಗೆ ಕೊಚ್ಚಿ ಒರಳಿಗೆ ಹಾಕುವಳು. ಹುರಿಗಡಲೆ, ಕಾಯಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಚಕ್ಕೆ ಲವಂಗ ಸೇರಿಸಿ ರುಬ್ಬುವಳು. ನಿಂಬೆಗಾತ್ರದ ಉಂಡೆ ಕಟ್ಟಿ ಕುದಿಯುವ ಸಾರಿಗೆ ಒಂದೊಂದಾಗಿ ಬಿಡುವಳು. ಬಿಟ್ಟ ಮೇಲೆ ಸೌಟು ಹಾಕಬಾರದು, ಉಂಡೆ ಒಡೆಯುತ್ತೆ. ಜೊತೆಗೆ ರಾಗಿಮುದ್ದೆ. ಇದರಲ್ಲಿ ರುಚಿಯ ಜೊತೆ ಲೆಕ್ಕಾಚಾರವೂ ಇತ್ತು. ಅರ್ಧ ಕೆ.ಜಿ. ಬಾಡನ್ನು ತುಂಡು ಮಾಡಿ ಬೇಯಿಸಿದರೆ ಎಂಟು ಜನದ ಮನೆಯಲ್ಲಿ ಜಗಳ. ಅದನ್ನೇ ಅರೆದು ಕಡಲೆ ಬೆರೆಸಿ ಉಂಡೆ ಕಟ್ಟಿದರೆ ತಲೆಗೆ ಎರಡು. ಹಲ್ಲಿಲ್ಲದ ಅಜ್ಜಿಗೂ, ಹಲ್ಲು ಬರದ ಮಗುವಿಗೂ ಪಾಲು. ಇದು ಬಡವರು ಕಂಡುಕೊಂಡ ಸಮಪಾಲು.

ಕನ್ನಡದ ಹಳೆಯ ಪಾಕಗ್ರಂಥಗಳಲ್ಲಿ ಇದು ಇದೆಯೇ? ಮೂರನೆಯ ಮಂಗರಸ ಬರೆದ 'ಸೂಪಶಾಸ್ತ್ರ' ಬರೀ ಸಸ್ಯಾಹಾರದ ಪುಸ್ತಕ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಹಂದಿ, ಜಿಂಕೆ, ಮೀನು, ಕಡೆಗೆ ಹೊಲದ ಇಲಿ ಸುಡುವ ಬಗೆಯೂ ಇದೆ. ಅರಮನೆಯಲ್ಲಿ ತಿಂದರೆ ಇಲಿಯೂ ರಾಜಭೋಜನ. ನಮ್ಮವರು ತಿಂದರೆ ಹೊಲಸು.

ದನದ ಮಾತೂ ಅಷ್ಟೇ. ಶತಪಥ ಬ್ರಾಹ್ಮಣದಲ್ಲಿ ಯಾಜ್ಞವಲ್ಕ್ಯ, ಮೆದುವಾಗಿದ್ದರೆ ತಾನು ತಿನ್ನುವೆನೆಂದು ಹೇಳಿಕೊಂಡಿದ್ದಾನೆ. ಪಾಣಿನಿಯ ವ್ಯಾಕರಣದ ಪ್ರಕಾರ ಅತಿಥಿಗೆ 'ಗೋಘ್ನ' ಎಂಬ ಹೆಸರಿದೆ. ಯಾರಿಗಾಗಿ ದನ ಕಡಿಯುತ್ತಾರೋ ಅವನು ಎಂದರ್ಥ. ಹಾಗಾದರೆ ತಿಂದವರೆಲ್ಲ ಊರೊಳಗೆ ಉಳಿದು, ನಾವು ಮಾತ್ರ ಊರಾಚೆಗೆ ಬಂದದ್ದು ಹೇಗೆ?

ಈ ಪ್ರಶ್ನೆಯನ್ನು ನೇರವಾಗಿ ಕೇಳಿದವರು ಬಾಬಾಸಾಹೇಬರು. 1948ರಲ್ಲಿ ಬಂದ 'ಅಸ್ಪೃಶ್ಯರು' ಎಂಬ ಇಂಗ್ಲಿಷ್ ಗ್ರಂಥದಲ್ಲಿ ಅವರ ವಾದ ಇದು: ಒಂದು ಕಾಲಕ್ಕೆ ಬ್ರಾಹ್ಮಣರೂ ಗೋಮಾಂಸ ತಿನ್ನುತ್ತಿದ್ದರು, ಬೌದ್ಧಧರ್ಮದ ಮೇಲೆ ಗೆಲ್ಲಬೇಕೆಂಬ ಹಟದಲ್ಲಿ ಬಿಟ್ಟರು. ಸೋತು ಚೆದುರಿ ಊರಂಚಿನಲ್ಲಿ ನೆಲೆಸಿದ್ದ ಜನ ಬಡತನದಿಂದ ಸತ್ತ ದನದ ಮಾಂಸ ಬಿಡಲಾಗಲಿಲ್ಲ. ಅದೇ ಅವರ ಹಣೆಯ ಬರಹವಾಯಿತು. ಇಲ್ಲಿ 'ಸತ್ತ' ಎಂಬ ಮಾತನ್ನು ಗೆಳೆಯರು ಗಮನಿಸಬೇಕು. ಕಡಿದ ದನ ತಿಂದವನನ್ನೂ ಸತ್ತ ದನ ತಿಂದವನನ್ನೂ ಬಾಬಾಸಾಹೇಬರು ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ಅಸ್ಪೃಶ್ಯತೆಯ ಬೇರನ್ನು ಅವರು ಕಂಡದ್ದು ಸತ್ತ ದನದಲ್ಲಿ.

ಸತ್ತ ದನ ನಮ್ಮ ಪಾಲಿಗೆ ಬಂದದ್ದು ನಾಲಿಗೆಯ ಚಪಲದಿಂದ ಅಲ್ಲ. ಅದು ಬಿಟ್ಟಿ ಚಾಕರಿಯ ಕೂಲಿ. ಊರಲ್ಲಿ ಎತ್ತು ಸತ್ತರೆ ಹೇಳಿ ಕಳಿಸುತ್ತಿದ್ದುದು ಹೊಲಗೇರಿ ಮಾದಿಗೇರಿಗೆ. ಹೊತ್ತು ಸಾಗಿಸಬೇಕು, ಸುಲಿಯಬೇಕು. ಚರ್ಮ ಹದ ಮಾಡಿ ಗೌಡನಿಗೆ ಮೆಟ್ಟು, ಮಿಣಿ, ಬಾರುಕೋಲು, ಬಾವಿಯ ಕಪಿಲೆಗೆ ಚರ್ಮದ ಬಾನಿ ಮಾಡಿಕೊಡಬೇಕು. ನಮ್ಮವರು ಹೊಲಿದ ಬಾನಿಯ ನೀರು ಗದ್ದೆಗೆ ಹರಿಯುತ್ತಿತ್ತು. ಅದೇ ಬಾವಿಯ ನೀರು ಸೇದಿ ಕುಡಿಯಲು ನಮಗೆ ಹಕ್ಕಿರಲಿಲ್ಲ! ಇಷ್ಟಕ್ಕೆಲ್ಲ ಕೊಟ್ಟ ಕೂಲಿ ಅಂದರೆ ಸತ್ತ ದನದ ಮಾಂಸ. ಒಂದೇ ದಿನ ಅಷ್ಟು ಬಾಡು ಬಂದರೆ ಏನು ಮಾಡೋದು? ಉದ್ದಕ್ಕೆ ಸೀಳಿ, ಉಪ್ಪು ಹಚ್ಚಿ, ಹಗ್ಗದ ಮೇಲೆ ಒಣಹಾಕಿ, ಮಳೆಗಾಲದ ಹಸಿವಿಗೆ ಎತ್ತಿಡೋದು. ಒಣಬಾಡು ಹಸಿವಿನ ಉಗ್ರಾಣ.

1927ರ ಮಾರ್ಚಿಯಲ್ಲಿ ಮಹಾಡದಲ್ಲಿ ಚೌಡರ್ ಕೆರೆಯ ನೀರು ಮುಟ್ಟಿದಾಗ ಬಾಬಾಸಾಹೇಬರು ನೀರಿನ ಮಾತಷ್ಟೇ ಆಡಲಿಲ್ಲ. ಸತ್ತ ದನ ತಿನ್ನೋದು ಬಿಡಿ, ಎಂಜಲಿಗೆ ಕೈಯೊಡ್ಡಬೇಡಿ ಅಂತಲೂ ಕರೆ ಕೊಟ್ಟರು. ಗಾಂಧೀಜಿಯೂ ಬಿಡಿ ಅಂದವರೇ. ಆದರೆ ಅವರು ಸತ್ತ ದನವನ್ನೂ ಬಿಡಿ, ದನದ ಮಾಂಸವನ್ನೇ ಬಿಡಿ, ಶುದ್ಧರಾಗಿ ಅಂದರು. ಬಾಬಾಸಾಹೇಬರದು ಶುದ್ಧಿಯ ಮಾತಲ್ಲ, ಸ್ವಾಭಿಮಾನದ ಮಾತು. ಬಿಟ್ಟಿ ಕೆಲಸ ಬಿಟ್ಟರೆ ಬಿಟ್ಟಿ ಬಾಡೂ ತಾನಾಗಿ ಹೋಗುತ್ತದೆ.

ನಮ್ಮ ಮನೆಯಲ್ಲಿ ಅದು ಹೋದದ್ದು ಅಜ್ಜನ ಕಾಲದಲ್ಲಿ. ಅಪ್ಪ ಪಟ್ಟಣದಲ್ಲಿ ಗಾರೆ ಕೆಲಸಕ್ಕೆ ಸೇರಿದ ಮೇಲೆ ವಾರದ ಬಟವಾಡೆ ಬಂತು. ಬಟವಾಡೆಯ ಸಂಜೆ ಕೊಂಡ ಬಾಡು ಬಂತು. ಕಾಲೇಜು ಸೇರಿದ ಹೊಸದರಲ್ಲಿ ನಾನು ದೊಡ್ಡ ಸುಧಾರಕನ ಹಾಗೆ, 'ಇನ್ನು ಇದೆಲ್ಲ ಬ್ಯಾಡ ಕಣವ್ವ' ಅಂದಿದ್ದೆ. ಹಾಸ್ಟೆಲ್ಲಿನಲ್ಲಿ 'ಮನೇಲಿ ಏನು ತಿಂತೀರಿ' ಅಂತ ಕೇಳಿದಾಗ ಸೊಪ್ಪುಸಾರು ಅಂತ ಸುಳ್ಳು ಹೇಳಿ ಬಂದಿದ್ದವನು ನಾನು. ಅವ್ವ ಅರೆಯೋದು ನಿಲ್ಲಿಸಲಿಲ್ಲ. 'ಲೋ ಮಗ, ನಿಮ್ಮಜ್ಜ ಸತ್ತುದ್ದ ಹೊತ್ತು ತತ್ತಿದ್ದ. ಇದು ನಿಮ್ಮಪ್ಪ ದುಡ್ಡು ಕೊಟ್ಟು ತಂದುದ್ದು. ತಲೆ ಎತ್ಕಂಡು ಉಣ್ಣು' ಅಂದಳು. ಓದು ಬಾರದ ಅವ್ವ ಚರಿತ್ರೆಯ ವ್ಯತ್ಯಾಸವನ್ನು ನನಗಿಂತ ಚೆನ್ನಾಗಿ ತಿಳಿದಿದ್ದಳು. ಒಣಬಾಡು ಊರು ಕೊಟ್ಟದ್ದು. ಕೈಮ ನಾವು ಕೊಂಡದ್ದು.

ಹಾಗೆ ಕೊಳ್ಳುತ್ತಿದ್ದ ಬಾಡು ಎಂಥದ್ದು? 1964ರ ಗೋಹತ್ಯೆ ಪ್ರತಿಬಂಧಕ ಕಾನೂನು ಹಸು, ಕರು ಕಡಿಯುವುದನ್ನು ನಿಷೇಧಿಸಿತ್ತು. ಎತ್ತು, ಗೂಳಿ, ಎಮ್ಮೆ, ಕೋಣಗಳು 12 ವರ್ಷ ದಾಟಿದ್ದರೆ, ಇಲ್ಲವೇ ಊನವಾಗಿ ದುಡಿಮೆಗೆ ಹಾಲಿಗೆ ಬಾರದಂತಾಗಿದ್ದರೆ, ಪರವಾನಗಿ ಪಡೆದು ಕಡಿಯಬಹುದಿತ್ತು. ಅಂದರೆ ಬಡವನಿಗೆ ಬಂದದ್ದು ಹತ್ತು ವರ್ಷ ನೊಗ ಹೊತ್ತ ಮುದಿ ಎತ್ತಿನ ಬಾಡು. ನಾರು ನಾರು. ಎಷ್ಟು ಬೇಯಿಸಿದರೂ ಹಲ್ಲಿಗೆ ಬಗ್ಗದು. ಕೊಚ್ಚಿ ಅರೆಯದೆ ವಿಧಿಯಿಲ್ಲ. ಕೈಮದ ಹಿಂದೆ ಕಾನೂನೂ ಇದೆ, ರೈತನ ಲೆಕ್ಕವೂ ಇದೆ. ಮುದಿ ಎತ್ತು ಮಾರಿದ ದುಡ್ಡು ಸೇರಿಸಿ ಅವನು ಹೊಸ ಎತ್ತು ಕಟ್ಟುತ್ತಿದ್ದ. 1958ರಲ್ಲಿ ಹನೀಫ್ ಖುರೇಷಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹಸುವಿನ ನಿಷೇಧ ಎತ್ತಿಹಿಡಿದರೂ, ಕೆಲಸಕ್ಕೆ ಬಾರದ ಎತ್ತು ಎಮ್ಮೆಗಳನ್ನು ಕಡಿಯುವುದಕ್ಕೆ ಪೂರ್ಣ ನಿಷೇಧ ಸರಿಯಲ್ಲ ಅಂದಿತ್ತು. ಅದು ಬಡವರ ಆಹಾರ ಎಂಬುದನ್ನೂ ಒಪ್ಪಿತ್ತು. 2005ರಲ್ಲಿ ಗುಜರಾತಿನ ಮೊಕದ್ದಮೆಯಲ್ಲಿ ಅದೇ ಕೋರ್ಟು ಆ ನಿಲುವು ಬದಲಿಸಿತು.

ಕರ್ನಾಟಕದ 2020ರ ಕಾಯಿದೆ 2021ರ ಜನವರಿಯಲ್ಲಿ ಸುಗ್ರೀವಾಜ್ಞೆಯಾಗಿ ಜಾರಿಗೆ ಬಂದು, ಫೆಬ್ರವರಿಯಲ್ಲಿ ವಿಧಾನ ಪರಿಷತ್ತಿನ ಒಪ್ಪಿಗೆಯನ್ನೂ ಪಡೆಯಿತು. ಅದು ಎತ್ತನ್ನೂ ನಿಷೇಧದೊಳಗೆ ತಂದಿತು. ಉಳಿಸಿದ್ದು 13 ವರ್ಷ ದಾಟಿದ ಎಮ್ಮೆ ಕೋಣ ಮಾತ್ರ. ಹಳೆಯ ಕಾನೂನಿನಲ್ಲಿ ಹೆಚ್ಚೆಂದರೆ ಆರು ತಿಂಗಳಿದ್ದ ಶಿಕ್ಷೆ 3ರಿಂದ 7 ವರ್ಷವಾಯಿತು. ಜುಲ್ಮಾನೆ 50,000 ರೂಪಾಯಿಯಿಂದ 5 ಲಕ್ಷ. ನಮ್ಮ ಸಂತೆಯ ಬಾಡಿನಂಗಡಿ ಬಾಗಿಲು ಹಾಕಿತು. ಅಪ್ಪನ ಬಟವಾಡೆಗೆ ಕುರಿ ಬಾಡು ಎಟುಕದು.

ಇನ್ನೊಂದು ಕಡೆ ನೋಡಿ. 2002ರಲ್ಲಿ ಹರಿಯಾಣದ ಝಜ್ಜರ್ ಬಳಿ, ದನದ ವಿಷಯಕ್ಕೇ ಐವರು ದಲಿತರನ್ನು ಬಡಿದು ಕೊಂದರು. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸು ಸುಲಿಯುತ್ತಿದ್ದವರನ್ನು ವಾಹನಕ್ಕೆ ಕಟ್ಟಿ ಹೊಡೆದರು. ಸತ್ತ ದನ ಹೊರಿಸಿದವರೇ, ಹೊತ್ತರೆ ಬಡಿಯುತ್ತಾರೆ. ಕೊಂಡು ತಿಂದರೆ ಕಳ್ಳನ ಹಾಗೆ ನೋಡುತ್ತಾರೆ. ಊನಾದ ನಂತರ ಅಲ್ಲಿನ ದಲಿತರು ಸತ್ತ ದನಗಳನ್ನು ತಂದು ಸರ್ಕಾರಿ ಕಚೇರಿಗಳ ಮುಂದೆ ಸುರಿದರು. ಮಹಾಡದ ಮಾತು ತೊಂಬತ್ತು ವರ್ಷದ ಮೇಲೆ ಮತ್ತೆ ಕೇಳಿಸಿತು.

ನಮ್ಮೊಳಗೇ ದನದ ಬಾಡು ಬಿಟ್ಟವರಿದ್ದಾರೆ. ಬೌದ್ಧರಾಗಿ ಬಿಟ್ಟವರುಂಟು, ಊರಿನ ಬಾಯಿಗೆ ಹೆದರಿ ಬಿಟ್ಟವರೂ ಉಂಟು. ತಿನ್ನಲೇಬೇಕು ಅಂತ ನಾನು ಯಾರಿಗೂ ಹೇಳುವುದಿಲ್ಲ. ಬಿಡುವುದಾದರೆ ನಾವೇ ಯೋಚಿಸಿ ಬಿಡಬೇಕು. ಪೊಲೀಸಿನವನು ಗಡಿಗೆಯ ಮುಚ್ಚಳ ತೆಗೆದು ಬಿಡಿಸಬಾರದು.

ಮರಾಠಿಯಲ್ಲಿ ಶಾಹು ಪಟೋಳೆ 2015ರಲ್ಲೇ ಮರಾಠವಾಡಾದ ದಲಿತರ ಅಡುಗೆಯನ್ನು ಪುಸ್ತಕ ಮಾಡಿದ್ದಾರೆ. ಹಳ್ಳಿಯ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ನಿಮ್ಮ ಕೇರಿಯ ಮುದುಕಿಯರನ್ನು ಕೂರಿಸಿಕೊಂಡು ಕೇಳಿ. ಯಾವ ಬಾಡು, ಯಾರು ಕೊಟ್ಟದ್ದು, ಯಾವಾಗ ಕೊಂಡದ್ದು, ಹೇಗೆ ಅರೆದದ್ದು ಎಲ್ಲ ಬರೆದಿಡಿ. ಅವರು ಸತ್ತರೆ ಆ ಪುಟಗಳೂ ಹೋದ ಹಾಗೆ.

ನಮ್ಮ ಮನೆಯ ಒರಳುಕಲ್ಲು ಈಗ ಹಿತ್ತಲಲ್ಲಿ ಬಿದ್ದಿದೆ. ಮಳೆ ಬಂದಾಗ ಅದರ ಗುಳಿಯಲ್ಲಿ ನೀರು ನಿಲ್ಲುತ್ತೆ. ಅವ್ವ ಅದನ್ನು ಮಾರಲು ಬಿಟ್ಟಿಲ್ಲ.