ಕಾಶಿಯಲ್ಲಿ ಕೇಳಿದ ಪ್ರಶ್ನೆ, ಎಡನೀರಿನಿಂದ ಬಂದ ಉತ್ತರ



ವಿಶ್ವವಿದ್ಯಾಲಯಗಳಲ್ಲಿ ವಿಶೇಷ ಉಪನ್ಯಾಸಗಳು ನಡೆಯುತ್ತಲೇ ಇರುತ್ತವೆ. ಅತಿಥಿಗಳು ಬರುತ್ತಾರೆ, ಹಾರ ಹಾಕಿಸಿಕೊಳ್ಳುತ್ತಾರೆ, ಮಾತನಾಡಿ ತೆರಳುತ್ತಾರೆ. ಮರುದಿನಕ್ಕೆ ಬಹುತೇಕರಿಗೆ ಅದು ಮರೆತೇ ಹೋಗಿರುತ್ತದೆ. ಅಂತಹ ಉಪನ್ಯಾಸಗಳಲ್ಲಿ ಒಂದು ನಮ್ಮ ಸಂವಿಧಾನದ ಚರಿತ್ರೆಯನ್ನೇ ತಿರುಗಿಸಲು ನೆರವಾದ ಸಂಗತಿಯನ್ನು ಇಂದು ಬರೆಯುತ್ತಿದ್ದೇನೆ.

1965ರ ಫೆಬ್ರವರಿಯಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ವಿದ್ವಾಂಸರಾದ ಡೀಟರ್ ಕಾನ್ರಾಡ್ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಕಾನೂನು ವಿಭಾಗದಲ್ಲಿ ಉಪನ್ಯಾಸ ನೀಡಿದರು. ಸಂವಿಧಾನವನ್ನು ತಿದ್ದುವ ಅಧಿಕಾರಕ್ಕೆ ಅಂತರ್ಗತವಾದ ಮಿತಿಗಳಿವೆಯೇ ಎಂಬುದು ವಿಷಯ. ಅವರು ಸಭೆಯ ಮುಂದೆ ಕೆಲವು ಪ್ರಶ್ನೆಗಳನ್ನಿಟ್ಟರು. ಮೂರನೆಯ ಎರಡರಷ್ಟು ಬಹುಮತವಿದ್ದರೆ ಸಂಸತ್ತು ದೇಶವನ್ನೇ ಎರಡಾಗಿ ವಿಭಜಿಸಬಹುದೇ? ಜೀವಿಸುವ ಹಕ್ಕನ್ನು ನೀಡುವ 21ನೆಯ ವಿಧಿಯನ್ನು ಅಳಿಸಿಹಾಕಬಹುದೇ? ರಾಜಪ್ರಭುತ್ವವನ್ನು ಮರಳಿ ತರಬಹುದೇ?

ಈ ಪ್ರಶ್ನೆಗಳು ಜರ್ಮನಿಯ ಕಹಿ ಅನುಭವದಿಂದ ಹುಟ್ಟಿದವು. 1919ರ ವೈಮಾರ್ ಸಂವಿಧಾನವನ್ನು ಮೂರನೆಯ ಎರಡರಷ್ಟು ಬಹುಮತದಿಂದ ಬದಲಿಸಬಹುದಾಗಿತ್ತು. 1933ರ ಮಾರ್ಚ್‌ನಲ್ಲಿ ಹಿಟ್ಲರನು, ವಿರೋಧಿಗಳನ್ನು ಸೆರೆಗೆ ತಳ್ಳಿ ಬೆದರಿಸಿ, ಅಂತಹುದೇ ಬಹುಮತದಿಂದ ಕಾನೂನು ರಚಿಸುವ ಸರ್ವಾಧಿಕಾರವನ್ನು ತನ್ನ ಸರ್ಕಾರಕ್ಕೆ ಪಡೆದುಕೊಂಡನು. ಮುಂದಿನದು ಲೋಕವೇ ಬಲ್ಲ ದುರಂತ. ಆದ್ದರಿಂದಲೇ ಪಶ್ಚಿಮ ಜರ್ಮನಿಯು 1949ರ ತನ್ನ ಮೂಲಶಾಸನದ 79ನೆಯ ವಿಧಿಯಲ್ಲಿ, ಮಾನವ ಘನತೆಯೇ ಮೊದಲಾದ ಕೆಲವು ತತ್ತ್ವಗಳನ್ನು ಎಂತಹ ತಿದ್ದುಪಡಿಯೂ ಮುಟ್ಟಲಾಗದೆಂದು ಬರೆದಿಟ್ಟಿತು. ನಮ್ಮ 368ನೆಯ ವಿಧಿಯಲ್ಲಿ ಹಾಗೆ ಸ್ಪಷ್ಟವಾಗಿ ಬರೆದಿರಲಿಲ್ಲ.

ಈ ಉಪನ್ಯಾಸದ ವಿಚಾರ ಹಿರಿಯ ವಕೀಲ ಎಂ.ಕೆ. ನಂಬಿಯಾರರಿಗೆ ತಲುಪಿತು. ಮಂಗಳೂರಿನಲ್ಲಿ ವಕೀಲಿ ನಡೆಸಿದ್ದ ನಂಬಿಯಾರರು ಗೋಲಕನಾಥ್ ಮೊಕದ್ದಮೆಯಲ್ಲಿ ಅದನ್ನು ಸುಪ್ರೀಂ ಕೋರ್ಟಿನ ಮುಂದೆ ಓದಿದರು. 1967ರ ತೀರ್ಪಿನಲ್ಲಿ ನ್ಯಾಯಾಲಯವು ಈ ವಾದದಲ್ಲಿ ಬಲವಿದೆಯೆಂದು ಒಪ್ಪಿತಾದರೂ, ನಿರ್ಣಯವನ್ನು ಮುಂದಿನ ಸಂದರ್ಭಕ್ಕೆ ಬಿಟ್ಟಿತು.

ಆ ಸಂದರ್ಭವನ್ನು ಒದಗಿಸಿದ್ದು ಕಾಸರಗೋಡಿನ ಎಡನೀರು ಮಠ. ಕನ್ನಡ, ತುಳು, ಯಕ್ಷಗಾನಗಳ ನೆಲೆಯಾದ ಈ ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರು ಕೇರಳದ ಭೂಸುಧಾರಣಾ ಕಾಯಿದೆಯನ್ನು ಪ್ರಶ್ನಿಸಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದ್ದರು. ಹದಿಮೂರು ನ್ಯಾಯಮೂರ್ತಿಗಳ ಪೀಠ 68 ದಿನ ವಾದವನ್ನು ಆಲಿಸಿತು. 1973ರ ಏಪ್ರಿಲ್ 24ರಂದು 7-6ರ ಬಹುಮತದಿಂದ ತೀರ್ಪು ಬಂತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ನಿರ್ಣಾಯಕ ಅಭಿಪ್ರಾಯ ಬರೆದ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರು ಕಾನ್ರಾಡ್ ಅವರ ಹೆಸರನ್ನೆತ್ತಿಯೇ ಆ ವಿಚಾರವನ್ನು ಅಂಗೀಕರಿಸಿದರು. ಆದರೆ ಸ್ವಾಮೀಜಿಯವರಿಗೆ ತಾವು ಬೇಡಿದ್ದು ದೊರೆಯಲಿಲ್ಲ; ಭೂಸುಧಾರಣೆಗೆ ರಕ್ಷಣೆಯಿತ್ತ ತಿದ್ದುಪಡಿಯನ್ನು ನ್ಯಾಯಾಲಯ ಎತ್ತಿಹಿಡಿಯಿತು. ಸೋತವರ ಹೆಸರೇ ಶಾಶ್ವತವಾಗಿ ಉಳಿಯಿತು.

ಬಹುಮತದ ಪಕ್ಷದಲ್ಲಿದ್ದ ನಮ್ಮ ಕಾರ್ಕಳದ ಕೌಡೂರಿನ ಕೆ.ಎಸ್. ಹೆಗ್ಡೆಯವರು ಅದಕ್ಕೆ ಬೆಲೆ ತೆತ್ತರು. ಅವರನ್ನೂ ಶೆಲತ್, ಗ್ರೋವರ್ ಅವರನ್ನೂ ಬದಿಗೊತ್ತಿ ಸರ್ಕಾರ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ನೇಮಿಸಿತು. ಮೂವರೂ ರಾಜೀನಾಮೆಯಿತ್ತರು. ಹೆಗ್ಡೆಯವರು 1977ರಲ್ಲಿ ಲೋಕಸಭೆಯ ಅಧ್ಯಕ್ಷರಾದುದು ಕಾಲದ ನ್ಯಾಯ.

ಕಾನ್ರಾಡ್ ಅವರ ಪ್ರಶ್ನೆ ಬರಿಯ ಕಲ್ಪನೆಯಲ್ಲವೆಂಬುದು ಬೇಗನೆ ತಿಳಿಯಿತು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ ಏಪ್ರಿಲ್‌ನಲ್ಲಿ, ಬಂಧನದಲ್ಲಿರುವವರು ನ್ಯಾಯಾಲಯದ ಮೊರೆಹೋಗುವಂತಿಲ್ಲವೆಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ತೀರ್ಪಿತ್ತರು. ಭಿನ್ನಮತ ಬರೆದವರು ಖನ್ನಾ ಒಬ್ಬರೇ. ಅದೇ ವರ್ಷದ 42ನೆಯ ತಿದ್ದುಪಡಿಯು ಸಂವಿಧಾನದ ತಿದ್ದುಪಡಿಗಳನ್ನು ಯಾವ ನ್ಯಾಯಾಲಯವೂ ಪ್ರಶ್ನಿಸಕೂಡದೆಂದಿತು. ಆ ಅಂಶವನ್ನು 1980ರಲ್ಲಿ ರದ್ದುಗೊಳಿಸಿದ ಮೊಕದ್ದಮೆಗೆ ಬೆಂಗಳೂರಿನ ಮಿನರ್ವ ಮಿಲ್‌ನ ಹೆಸರಿದೆ. 1994ರಲ್ಲಿ ಎಸ್.ಆರ್. ಬೊಮ್ಮಾಯಿಯವರ ಮೊಕದ್ದಮೆಯೂ ಇದೇ ತತ್ತ್ವದ ಮೇಲೆ ನಿಂತಿತು.

ಚುನಾಯಿತರಲ್ಲದ ನ್ಯಾಯಮೂರ್ತಿಗಳಿಗೆ ಇಷ್ಟು ಅಧಿಕಾರ ಸಲ್ಲದೆಂಬ ಆಕ್ಷೇಪವೂ ಇದೆ. ಪೀಠದ ಆರು ಮಂದಿ ಬಹುಮತಕ್ಕೆ ಸೇರಿರಲಿಲ್ಲವೆಂಬುದನ್ನೂ ಮರೆಯಲಾಗದು. ನನ್ನ ಪೌರನೀತಿಯ ತರಗತಿಗಳಲ್ಲಿ ನಾನು ಎರಡೂ ಪಕ್ಷಗಳನ್ನು ಹೇಳುತ್ತಿದ್ದೆ. "ಬಹುಮತ ಇದ್ದರೆ ಏನನ್ನಾದರೂ ಬದಲಿಸಬಹುದಲ್ಲವೇ ಸಾರ್?" ಎಂದು ನಿಮ್ಮಲ್ಲಿ ಯಾರಾದರೊಬ್ಬರು ಪ್ರತಿವರ್ಷ ಕೇಳುತ್ತಿದ್ದಿರಿ. ಆಗ ಎಡನೀರಿನ ಕಥೆ ಹೇಳಿ, ತೀರ್ಮಾನವನ್ನು ನಿಮಗೇ ಬಿಡುತ್ತಿದ್ದೆ.

ಇಂದು ನಿಮ್ಮಲ್ಲಿ ಕೆಲವರು ಅಧ್ಯಾಪಕರು, ಕೆಲವರು ವಕೀಲರು. ಉಪನ್ಯಾಸಕ್ಕೆ ನಾಲ್ಕೇ ಜನ ಬಂದರೆಂದು ಬೇಸರಿಸಬೇಡಿರಿ. ಕಾನ್ರಾಡ್ ಅವರ ಪ್ರಶ್ನೆ ನ್ಯಾಯಾಲಯದಲ್ಲಿ ಉತ್ತರ ಪಡೆಯಲು ಎಂಟು ವರ್ಷಗಳು ಬೇಕಾದವು. ಪ್ರಶ್ನೆ ಸರಿಯಾಗಿದ್ದರೆ ಅದು ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ.