ಬಲ್ಗೇರಿಯಾದ ಜನಪದ ಕಲೆಯಲ್ಲಿ ದ್ರಾಕ್ಷಿಬಳ್ಳಿ: ಸಂಕೇತ ಮತ್ತು ಸಂದರ್ಭ

ಬಲ್ಗೇರಿಯಾದ ಜನಪದ ಅಲಂಕಾರ ಕಲೆಯ ಸಸ್ಯರೂಪಗಳಿಗೆ ಒಂದೊಂದು ಅರ್ಥ ಹಚ್ಚಿ ಪಟ್ಟಿ ಮಾಡುವ ರೂಢಿಯಿದೆ: ಬಳ್ಳಿ ಎಂದರೆ ಸಮೃದ್ಧಿ, ಮರ ಎಂದರೆ ಜೀವವೃಕ್ಷ. ಇಂಥ ಪಟ್ಟಿ ಸಂಶೋಧನೆಗೆ ಸಾಲದು. ಸಸ್ಯವನ್ನು ಯಾರು, ಯಾವ ವಸ್ತುವಿನ ಮೇಲೆ, ಯಾವ ದಿನಕ್ಕಾಗಿ ಮೂಡಿಸಿದರು ಎಂದು ಕೇಳದೆ ಅದರ ಸಂಕೇತ ತಿಳಿಯದು. ದ್ರಾಕ್ಷಿಬಳ್ಳಿ ಇದಕ್ಕೆ ಒಳ್ಳೆಯ ಸಾಕ್ಷಿ.

ಕ್ರಿಸ್‌ಮಸ್ ಮುನ್ನಾದಿನದ ರಾತ್ರಿ, ಅಂದರೆ ‘ಬದ್ನಿ ವೆಚೆರ್’ ಊಟಕ್ಕೆ, ಮನೆಯ ಹೆಂಗಸರು ವಿಶೇಷ ರೊಟ್ಟಿ ಬೇಯಿಸುತ್ತಿದ್ದರು. ಅದರ ಮೇಲೆ ಹಿಟ್ಟಿನಲ್ಲೇ ನೇಗಿಲು, ಎತ್ತು, ಕುರಿದೊಡ್ಡಿ, ದ್ರಾಕ್ಷಿತೋಟ, ವೈನಿನ ಪೀಪಾಯಿಗಳನ್ನು ತಿದ್ದುತ್ತಿದ್ದರು. ಇಲ್ಲಿ ಬಳ್ಳಿ ಬರಲಿರುವ ವರ್ಷದ ಬೆಳೆಗಾಗಿ ಇಟ್ಟ ಬೇಡಿಕೆ. ಫೆಬ್ರುವರಿಯ ‘ತ್ರಿಫೊನ್ ಜರೆಜಾನ್’ ಹಬ್ಬದಂದು ಅದೇ ಬೇಡಿಕೆ ಗಂಡಸರ ಕೈಗೆ ಬರುತ್ತದೆ. ಅವರು ತೋಟಕ್ಕೆ ಹೋಗಿ ಬಳ್ಳಿ ಸವರಿ, ಕಡಿದ ಜಾಗಕ್ಕೆ ವೈನು ಸುರಿಯುತ್ತಾರೆ. ತಮ್ಮೊಳಗೊಬ್ಬನನ್ನು ‘ರಾಜ’ನನ್ನಾಗಿ ಆರಿಸಿ ಬಳ್ಳಿಯ ಕಡ್ಡಿಗಳ ಕಿರೀಟ ತೊಡಿಸುತ್ತಾರೆ. ಹಿಟ್ಟಿನ ತೋಟವನ್ನು ಈ ಆಚರಣೆಯ ಜೊತೆಗಿಟ್ಟು ನೋಡಿದಾಗಲೇ ಅದರ ತೂಕ ತಿಳಿಯುತ್ತದೆ.

ಚರ್ಚಿನೊಳಗೆ ಮಾತು ಬೇರೆ. ದೆಬರ್, ಸಮೊಕೊವ್, ತ್ರ್ಯಾವ್ನಾ ಪರಂಪರೆಗಳ ಕೆತ್ತನೆಗಾರರು ಗರ್ಭಗುಡಿಯ ಮುಂದಿನ ಮರದ ತೆರೆಯಲ್ಲಿ ಬಿಡಿಸಿದ ಬಳ್ಳಿ ಯೋಹಾನನ ಸುವಾರ್ತೆಯಲ್ಲಿ ಕ್ರಿಸ್ತನು ತನ್ನನ್ನು ಹೋಲಿಸಿಕೊಂಡ ಬಳ್ಳಿ. ಗೊಂಚಲು ಪ್ರಸಾದದ ವೈನಿಗೆ ಸಲ್ಲುವಂಥದ್ದು.

ವಾಯವ್ಯದ ಚಿಪ್ರೊವ್ತ್ಸಿ ಪಟ್ಟಣದ ಜಮಖಾನಗಳಲ್ಲಿ ಇದೇ ಬಳ್ಳಿ ‘ಲೊಜಿತೆ’ ಎಂಬ ವಿನ್ಯಾಸವಾಗಿದೆ. ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ಹೆಂಗಸರು ನೇಯುವ ಈ ಜಮಖಾನದ ಎರಡೂ ಮುಖ ಒಂದೇ ತೆರ. ಹಾಸಿಗೆ ಹೊಕ್ಕು ಅಡ್ಡಲಾಗಿಯೇ ಸಾಗಬೇಕಾದ್ದರಿಂದ ಬಳುಕು ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ, ಎಲೆ ಕೋನವಾಗುತ್ತದೆ. ಈ ಕೋನಗಳಲ್ಲೆಲ್ಲ ಪ್ರಾಚೀನ ಗೂಢಾರ್ಥ ಹುಡುಕುವವರು ಮಗ್ಗದ ಪಾಲನ್ನು ಮರೆಯುತ್ತಾರೆ. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ದಾಟಿದ ಕೈಚಳಕವೇ ಇಲ್ಲಿನ ದೊಡ್ಡ ಸಂಗತಿ; 2014ರಲ್ಲಿ ಯುನೆಸ್ಕೊ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದೂ ಈ ನೇಯ್ಗೆಯ ಪರಂಪರೆಯನ್ನೇ.

ಇನ್ನೊಂದು ತೊಡಕಿದೆ. ಜಮಖಾನ ಸಂಗ್ರಹಾಲಯ ಸೇರುತ್ತದೆ, ರೊಟ್ಟಿಯನ್ನು ಅದೇ ರಾತ್ರಿ ಮುರಿದು ತಿನ್ನುತ್ತಾರೆ. ಉಳಿದ ವಸ್ತುಗಳನ್ನಷ್ಟೇ ನೋಡಿ ಸಂಕೇತ ನಿರ್ಧರಿಸಿದರೆ ಆಚರಣೆಯ ಬಲುದೊಡ್ಡ ಭಾಗ ಕೈತಪ್ಪುತ್ತದೆ. ಕೆಲವೆಡೆಯಂತೂ ಚಿತ್ರದ ಹಂಗಿಲ್ಲದೆ ಗಿಡವೇ ಬರುತ್ತದೆ. ಪಾದ್ರಿ ತೀರ್ಥ ಚಿಮುಕಿಸುವುದು ನಮ್ಮ ತುಳಸಿಯ ಕುಲದ್ದೇ ಆದ ಕಾಮಕಸ್ತೂರಿಯ ಕಟ್ಟಿನಿಂದ. ಗಟ್ಟಿ ಮರದ, ಚಳಿಗಾಲ ಮುಗಿಯುವ ಮೊದಲೇ ಹಳದಿ ಹೂ ಬಿಡುವ ‘ದ್ರ್ಯಾನ್’ ಗಿಡದ ಕೊಂಬೆಯನ್ನು ಸಿಂಗರಿಸಿ, ಹೊಸವರ್ಷದಂದು ಮಕ್ಕಳು ಹಿರಿಯರ ಬೆನ್ನಿಗೆ ಮೆಲ್ಲನೆ ತಟ್ಟಿ ಆರೋಗ್ಯ ಹಾರೈಸುತ್ತಾರೆ. ಅದೇ ಗಿಡದ ಮೊಗ್ಗುಗಳನ್ನು ‘ಬಾನಿತ್ಸಾ’ ಎಂಬ ಪದರುಗಡುಬಿನಲ್ಲಿ ಅಡಗಿಸಿ ಬೇಯಿಸುವುದೂ ಉಂಟು. ತನ್ನ ಪಾಲಿನ ತುಂಡಿನಲ್ಲಿ ಸಿಕ್ಕ ಮೊಗ್ಗಿನಿಂದ ಮನೆಯ ಒಬ್ಬೊಬ್ಬರೂ ಆ ವರ್ಷದ ಭಾಗ್ಯ ತಿಳಿಯುತ್ತಾರೆ.