ಗಡಸು ನೀರಿನ ಸೀಮೆಯಲ್ಲಿ ಕಾಫಿ ಫಿಲ್ಟರ್

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಮನೆಗೆ ಬಂದವರಿಗೆ ಮೊದಲು ನೀರು, ಆಮೇಲೆ ಚಹಾ. ಕಾಫಿ ಬೆಳೆಯುವ ರಾಜ್ಯದಲ್ಲೇ ಇದ್ದರೂ ಈ ಸೀಮೆಗೆ ಕಾಫಿಯ ರೂಢಿ ತಡವಾಗಿ ಬಂದದ್ದಕ್ಕೆ ಚರಿತ್ರೆಯೇ ಕಾರಣ.

ಬಾಬಾಬುಡನ್ ಅವರು ಯೆಮನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬ ಪ್ರತೀತಿ 17ನೇ ಶತಮಾನದ್ದು. 19ನೇ ಶತಮಾನದಲ್ಲಿ ಚಿಕ್ಕಮಗಳೂರು, ಸಕಲೇಶಪುರ, ಕೊಡಗುಗಳಲ್ಲಿ ತೋಟಗಳು ಹಬ್ಬಿದವು. ಅಲ್ಲಿಂದ ಕಾಫಿಯ ರೂಢಿ ಹರಡಿದ್ದು ಮೈಸೂರು, ಬೆಂಗಳೂರು, ಮದರಾಸುಗಳ ಕಡೆಗೆ. ಕೃಷ್ಣಾ-ತುಂಗಭದ್ರೆಯರ ನಡುವಣ ದೋಆಬ್ ಪ್ರದೇಶವಾದರೋ, 1853ರಿಂದ 1860ರವರೆಗಿನ ಬ್ರಿಟಿಷ್ ಆಡಳಿತವನ್ನು ಬಿಟ್ಟರೆ, 1948ರ ತನಕ ಹೈದರಾಬಾದ್ ನಿಜಾಮರ ಕೈಯಲ್ಲಿತ್ತು. ಲಿಂಗಸುಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟ್ ಸೇನೆ ಬೀಡುಬಿಟ್ಟಿದ್ದರಿಂದ ಆ ಊರಿಗೆ ‘ಛಾವಣಿ’ ಎಂಬ ಹೆಸರೂ ಉಂಟು. ಕಚೇರಿಯ ಉರ್ದುವಿನಂತೆ ಹೈದರಾಬಾದಿನ ಚಹಾದ ರೂಢಿಯೂ ಇಲ್ಲಿ ಬೇರೂರಿತು.

1953ರಲ್ಲಿ ತುಂಗಭದ್ರಾ ಜಲಾಶಯ ಸಿದ್ಧವಾದ ಮೇಲೆ ಸಿಂಧನೂರಿನ ಸುತ್ತ ಕಾಲುವೆ ನೀರು ಹರಿಯಿತು. ಆಂಧ್ರದ ರೈತರು ಬಂದು ನೆಲೆಸಿದ ‘ಕ್ಯಾಂಪು’ಗಳು ಹುಟ್ಟಿದವು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ದಕ್ಷಿಣದ ಜಿಲ್ಲೆಗಳಿಂದ ನೌಕರರು ವರ್ಗವಾಗಿ ಬರತೊಡಗಿದರು. ಅವರ ಸಾಮಾನಿನ ಗಂಟಿನಲ್ಲಿ ಕಾಫಿ ಫಿಲ್ಟರೂ ಇರುತ್ತಿತ್ತು.

ಈ ಪಾತ್ರೆಯ ತತ್ತ್ವ ಹಳೆಯದು. 1800ರ ಸುಮಾರಿಗೆ ಪ್ಯಾರಿಸ್‌ನಲ್ಲಿ ಬಳಕೆಗೆ ಬಂದ ಎರಡಂತಸ್ತಿನ ಪಾತ್ರೆಯೊಂದಕ್ಕೆ ಅಲ್ಲಿನ ಆರ್ಚ್‌ಬಿಷಪ್ ದ ಬೆಲ್ವಾ ಅವರ ಹೆಸರಿದೆ. ಮೇಲಿನ ಪಾತ್ರೆಯ ತಳದಲ್ಲಿ ತೂತುಗಳು. ಪುಡಿಯ ಮೇಲೆ ಸುರಿದ ಬಿಸಿನೀರು ಸಾರ ಹೀರಿಕೊಂಡು ಕೆಳಗೆ ತೊಟ್ಟಿಕ್ಕುತ್ತದೆ. ನಮ್ಮ ಫಿಲ್ಟರಿನದೂ ಇದೇ ಕ್ರಮ. ನೆಪೋಲಿಯನ್ 1806ರಲ್ಲಿ ಬ್ರಿಟಿಷ್ ವ್ಯಾಪಾರಕ್ಕೆ ತಡೆ ಒಡ್ಡಿದಾಗ ಕಾಫಿ ಸಿಗದೆ ಯುರೋಪಿನಲ್ಲಿ ಹೆಚ್ಚು ಬಳಕೆಗೆ ಬಂದ ಚಿಕೋರಿ ಬೇರು ನಮ್ಮ ಪುಡಿಗೂ ಸೇರಿತು. ಚಿಕೋರಿ ಡಿಕಾಕ್ಷನ್‌ಗೆ ಬಣ್ಣ, ಮಂದತೆ ಕೊಡುತ್ತದೆ. ನೀರು ಇಳಿಯುವುದನ್ನು ನಿಧಾನಗೊಳಿಸುತ್ತದೆ.

ಹಿಂದೆ ಹಿತ್ತಾಳೆಯ ಫಿಲ್ಟರೇ ಹೆಚ್ಚು. ಕಾಫಿಯಲ್ಲಿರುವ ಆಮ್ಲ ಹಿತ್ತಾಳೆಯೊಡನೆ ವರ್ತಿಸುವುದರಿಂದ ಅದಕ್ಕೆ ಒಳಗೆ ಕಲಾಯಿ ಬೇಕು. ಕಲಾಯಿ ಸವೆದರೆ ಮತ್ತೆ ಹಾಕಿಸಬೇಕು. ಕಲಾಯಿಯವರು ಅಪರೂಪವಾದಂತೆ ಸ್ಟೀಲ್ ಫಿಲ್ಟರ್ ಅದರ ಜಾಗ ಹಿಡಿಯಿತು. ಕೊಳ್ಳುವಾಗ ಮೇಲಿನ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ತೂತುಗಳು ಸಣ್ಣವಾಗಿ, ಒಂದೇ ಸಮನಾಗಿರಬೇಕು. ಮನೆಮಂದಿಗೆ ತಕ್ಕ ಅಳತೆಯೂ ಮುಖ್ಯ: ದೊಡ್ಡ ಫಿಲ್ಟರಿಗೆ ಎರಡು ಚಮಚ ಪುಡಿ ಹಾಕಿದರೆ ನೀರು ಸಾರ ಹೀರುವ ಮೊದಲೇ ಇಳಿದುಹೋಗುತ್ತದೆ. ಎರಡು ಪಾತ್ರೆಗಳ ನಡುವೆ ಗಾಳಿ ಸಿಕ್ಕಿಬಿದ್ದರೂ ತೊಟ್ಟಿಕ್ಕುವುದು ನಿಲ್ಲುತ್ತದೆ. ಆಗ ಮೇಲಿನ ಪಾತ್ರೆಯನ್ನು ತುಸು ಎತ್ತಿ ಇಟ್ಟರೆ ಸಾಕು.

ಆದರೆ ಈ ಸೀಮೆಯಲ್ಲಿ ಫಿಲ್ಟರಿನ ನಿಜವಾದ ಶತ್ರು ನೀರು. ಕೊಳವೆಬಾವಿಯ ಗಡಸು ನೀರನ್ನು ಕಾಯಿಸಿದಾಗ ಅದರಲ್ಲಿ ಕರಗಿದ ಸುಣ್ಣದ ಅಂಶ ಬೇರ್ಪಟ್ಟು ಪಾತ್ರೆಗೆ ಅಂಟುತ್ತದೆ. ಬಚ್ಚಲ ಹಂಡೆಯಲ್ಲಿ ಕಾಣುವ ಬಿಳಿ ಪದರವೇ ಫಿಲ್ಟರಿನ ತೂತುಗಳಲ್ಲೂ ಕಟ್ಟುತ್ತದೆ. ಇಂಥ ನೀರು ಕಾಫಿಯ ಹುಳಿಯಂಶವನ್ನು ನುಂಗಿ ರುಚಿಯನ್ನು ಚಪ್ಪೆ ಮಾಡುತ್ತದೆ. ವಿದ್ಯುತ್ ಕಾಫಿ ಯಂತ್ರಗಳ ಒಳಗಿನ ಕೊಳವೆಯಲ್ಲಿಯೂ ಸುಣ್ಣ ಕಟ್ಟುತ್ತದೆ. ಅಲ್ಲಿಗೆ ಕೈ ಹೋಗದು, ಕಣ್ಣಿಗೂ ಕಾಣದು. ಫಿಲ್ಟರಾದರೋ ಬಿಚ್ಚಿದರೆ ಪೂರ್ತಿ ಬಿಚ್ಚಿಕೊಳ್ಳುತ್ತದೆ.

ಅದರ ಪಾಲನೆ ಸುಲಭ. ಬಳಸಿದ ಕೂಡಲೇ ಗಸಿ ಕೊಡವಿ ಬಿಸಿನೀರಿನಲ್ಲಿ ತೊಳೆದು, ಒರೆಸಿ, ಬೋರಲು ಹಾಕಬೇಕು. ಸೋಪಿನ ವಾಸನೆ ಉಳಿಯಬಾರದು. ಡಿಕಾಕ್ಷನ್ ಇಳಿಯುವುದು ನಿಧಾನವಾದರೆ ನಿಂಬೆರಸ ಅಥವಾ ಹುಣಸೆಹುಳಿ ಬೆರೆಸಿದ ನೀರಿನಲ್ಲಿ ಮೇಲಿನ ಪಾತ್ರೆಯನ್ನು ಕುದಿಸಿದರೆ ಸುಣ್ಣ ಕರಗುತ್ತದೆ. ಉಳಿದದ್ದಕ್ಕೆ ಸೂಜಿ ಸಾಕು. ಕಲಾಯಿ ಇರುವ ಹಿತ್ತಾಳೆಗೆ ಹುಳಿಯಲ್ಲಿ ಕುದಿಸುವ ಈ ಉಪಾಯ ಬೇಡ.

ಇನ್ನೊಂದು ಮಾತು ರುಚಿಗಿಂತ ದೊಡ್ಡದು. ರಾಯಚೂರು ಜಿಲ್ಲೆಯ ಹಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಳತೆ ಮೀರಿದೆ. ಹಲ್ಲು, ಮೂಳೆಗಳನ್ನು ಕೆಡಿಸುವ ಈ ಅಂಶ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಕಾಫಿ ಫಿಲ್ಟರ್ ಪುಡಿಯನ್ನು ಸೋಸೀತೇ ಹೊರತು ಫ್ಲೋರೈಡನ್ನಲ್ಲ. ಹೀಗಾಗಿ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕೊಡದಲ್ಲಿ ಒಂದು ಲೋಟ ಕಾಫಿಗೂ ಮೀಸಲಾಗಬೇಕು. ಫಿಲ್ಟರ್ ಯಾವುದೆಂದು ಆರಿಸುವ ಮೊದಲು ನೀರು ಯಾವುದೆಂದು ಕೇಳಿಕೊಳ್ಳುವುದೇ ಇಲ್ಲಿ ಸರಿಯಾದ ಕ್ರಮ.